ಎಕ್ಸಿಮಾಕ್ಕೆ ಪಥ್ಯ: ಏನು ಬಿಡಬೇಕು ಎಂದು ಕೇಳುವ ಮುಂಚೆ

ಎಕ್ಸಿಮಾ, ಅಂದರೆ ಇಸುಬು, ಎಂದು ಗೊತ್ತಾದ ಕೂಡಲೇ ಕೇಳುವ ಮೊದಲ ಪ್ರಶ್ನೆ ಊಟದ್ದು. ಹಾಲು ಬಿಡಬೇಕಾ? ಮೊಟ್ಟೆ? ಗೋಧಿ? ಕೇಳುವವರದ್ದು ತಪ್ಪೇನಿಲ್ಲ. ಮುಲಾಮು ಹಚ್ಚಿದರೆ ಇಳಿಯುತ್ತದೆ, ನಿಲ್ಲಿಸಿದರೆ ಮತ್ತೆ ಏಳುತ್ತದೆ. ಹಾಗಾದರೆ ಬೇರು ಒಳಗೆಲ್ಲೋ ಇರಬೇಕು, ಒಳಗೆ ಹೋಗುವುದು ಊಟವೇ ತಾನೆ, ಎಂಬ ಲೆಕ್ಕ ಯಾರಿಗಾದರೂ ಹೊಳೆಯುವಂಥದ್ದು. ಆದರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ತಿಳಿದುಬಂದಿರುವುದನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಲೆಕ್ಕ ಬಹುಮಟ್ಟಿಗೆ ತಲೆಕೆಳಗಾಗಿದೆ. ಮೊದಲು ಕೆಡುವುದು ಚರ್ಮ. ಕೆಟ್ಟ ಚರ್ಮದ ಮೂಲಕ ದೇಹಕ್ಕೆ ಆಹಾರದ ಪರಿಚಯವಾಗುತ್ತದೆ, ಆ ಪರಿಚಯ ಹಗೆತನಕ್ಕೆ ತಿರುಗುತ್ತದೆ. ಇದು ತಿಳಿಯದೆ ಹಿಡಿಯುವ ಪಥ್ಯ ಹಲವು ಸಲ ವ್ಯರ್ಥ, ಕೆಲವು ಸಲ ಅಪಾಯವೂ ಹೌದು.

ಚರ್ಮದ ಹೊರಪದರವನ್ನು ಗಟ್ಟಿಯಾಗಿ ನೇಯ್ದ ಬಟ್ಟೆ ಎಂದುಕೊಳ್ಳಿ. ಆ ನೇಯ್ಗೆಯನ್ನು ಬಿಗಿಯಾಗಿಡುವ ಪ್ರೋಟೀನ್‌ಗಳಲ್ಲಿ ಫಿಲಾಗ್ರಿನ್ ಒಂದು. ಅದು ಒಡೆದು ಬರುವ ಚೂರುಗಳೇ ಚರ್ಮದೊಳಗೆ ನೀರಿನಂಶವನ್ನು ಹಿಡಿದಿಡುತ್ತವೆ. ಈ ಪ್ರೋಟೀನನ್ನು ತಯಾರಿಸುವ ಜೀನ್‌ನಲ್ಲಿ ದೋಷವಿದ್ದವರಿಗೆ ಎಕ್ಸಿಮಾ ಬರುವ ಸಾಧ್ಯತೆ ಬಹಳ ಹೆಚ್ಚು ಎಂಬುದು 2006ರಲ್ಲಿ ಸ್ಪಷ್ಟವಾಯಿತು. ದೋಷವಿದ್ದೂ ಎಕ್ಸಿಮಾ ಬಾರದವರು ಇದ್ದಾರೆ, ದೋಷವಿಲ್ಲದೆಯೂ ಬಂದವರಿದ್ದಾರೆ. ಆದರೂ ಎಕ್ಸಿಮಾದ ಕತೆ ಚರ್ಮದಿಂದ ಶುರುವಾಗುತ್ತದೆ ಎನ್ನುವುದಕ್ಕೆ ಇದು ಗಟ್ಟಿ ಆಧಾರ. ನೇಯ್ಗೆ ಸಡಿಲಗೊಂಡ ಕಡೆ ಒಳಗಿನ ನೀರು ಹೊರಗೆ ಹೋಗುತ್ತದೆ, ಹೊರಗಿನ ಧೂಳು, ಸೋಪು, ಬ್ಯಾಕ್ಟೀರಿಯಾ ಒಳಗೆ ಬರುತ್ತವೆ. ಜೊತೆಗೆ ಆಹಾರದ ಕಣಗಳೂ.

ಹೊಟ್ಟೆಯ ಮೂಲಕ ಬಂದ ಆಹಾರವನ್ನು ದೇಹ ಸಾಮಾನ್ಯವಾಗಿ ತನ್ನದೆಂದು ಒಪ್ಪಿಕೊಳ್ಳುತ್ತದೆ. ಅದೇ ಆಹಾರ ಒಡೆದ, ಉರಿಯುತ್ತಿರುವ ಚರ್ಮದ ಮೂಲಕ ಬಂದರೆ ಅದನ್ನು ಶತ್ರುವೆಂದು ಗುರುತು ಹಾಕಿಕೊಳ್ಳಬಹುದು. 2003ರಲ್ಲಿ ಬ್ರಿಟನ್ನಿನ ಸಂಶೋಧಕರು ಕಡಲೆಕಾಯಿ ಅಲರ್ಜಿ ಇರುವ ಮಕ್ಕಳ ಹಿನ್ನೆಲೆ ಕೆದಕಿದಾಗ, ಶೈಶವದಲ್ಲಿ ಕಡಲೆಕಾಯಿ ಎಣ್ಣೆ ಬೆರೆತ ಕ್ರೀಮುಗಳನ್ನು ಮೈಗೆ ಹಚ್ಚಿಸಿಕೊಂಡಿದ್ದವರಲ್ಲಿ ಈ ಅಲರ್ಜಿ ಹೆಚ್ಚು ಎಂದು ಕಂಡಿತು. ತಾಯಿ ಬಸುರಿಯಲ್ಲಿ ಕಡಲೆಕಾಯಿ ತಿಂದಿದ್ದಳೇ ಎನ್ನುವುದಕ್ಕೆ ಅಂಥ ಸಂಬಂಧ ಸಿಗಲಿಲ್ಲ. ಜಪಾನಿನಲ್ಲಿ ಗೋಧಿಯ ಪ್ರೋಟೀನು ಬೆರೆಸಿದ ಒಂದು ಮುಖದ ಸೋಪನ್ನು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಗೋಧಿ ಅಲರ್ಜಿ ಅಂಟಿಕೊಂಡಿತು. ಅದುವರೆಗೆ ಅವರಲ್ಲಿ ಹೆಚ್ಚಿನವರು ಗೋಧಿಯನ್ನು ನಿಶ್ಚಿಂತೆಯಿಂದ ತಿಂದುಕೊಂಡೇ ಇದ್ದವರು. ಊಟ ಮಾಡದ ಕೆಲಸವನ್ನು ಸೋಪು ಮಾಡಿತು.

ಹಾಗೆಂದು ಊಟಕ್ಕೂ ಎಕ್ಸಿಮಾಕ್ಕೂ ಸಂಬಂಧವೇ ಇಲ್ಲ ಎನ್ನಲು ಬರುವುದಿಲ್ಲ. ಮಧ್ಯಮದಿಂದ ತೀವ್ರ ಎಕ್ಸಿಮಾ ಇರುವ ಪುಟ್ಟ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಯಾವುದಾದರೊಂದು ಆಹಾರದ ಅಲರ್ಜಿ ಇರುತ್ತದೆ. ಸೌಮ್ಯ ಎಕ್ಸಿಮಾ ಇರುವವರಲ್ಲಿ ಇದು ಬಹಳ ಕಡಿಮೆ, ದೊಡ್ಡವರಲ್ಲಿ ಇನ್ನೂ ಕಡಿಮೆ. ಗೊಂದಲ ಹುಟ್ಟುವುದು ಬೇರೆ ಕಡೆ: ತಿಂದ ಮೇಲೆ ಚರ್ಮದಲ್ಲಿ ಕಾಣುವ ಕೆಂಪೆಲ್ಲ ಒಂದೇ ಬಗೆಯದಲ್ಲ.

ಊಟವಾದ ಮೇಲೆ ಚಿಕ್ಕ ಮಗುವಿನ ಬಾಯಿಯ ಸುತ್ತ ಹತ್ತಿರದಿಂದ ನೋಡಿ. ಟೊಮೆಟೊ ಅಥವಾ ಕಿತ್ತಳೆ ತಿಂದಿದೆ. ತುಟಿಯ ಕೆಳಗೆ, ಗಲ್ಲದ ಮೇಲೆ, ಕೆನ್ನೆಯಲ್ಲಿ ರಸ ಎಲ್ಲೆಲ್ಲಿ ಹರಿದಿದೆಯೋ ಅಲ್ಲೆಲ್ಲ ಕೆಂಪು. ರಸ ತಾಗದ ಹಣೆ, ಹೊಟ್ಟೆ, ಬೆನ್ನು ಎಲ್ಲ ಸರಿಯಾಗಿದೆ. ತೊಳೆದ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಕೆಂಪು ಇಳಿಯುತ್ತದೆ. ಜೊಲ್ಲಿನಿಂದ ಮೊದಲೇ ನೆನೆದು ಮೆತ್ತಗಾಗಿದ್ದ ಚರ್ಮಕ್ಕೆ ಹುಳಿ ತಾಗಿ ಉರಿದಿದೆ, ಅಷ್ಟೇ. ಅಲರ್ಜಿಯ ಮಾತೇ ಇಲ್ಲ. ತಿನ್ನಿಸುವ ಮುಂಚೆ ಬಾಯಿಯ ಸುತ್ತ ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಸವರಿ, ಊಟವಾದ ಮೇಲೆ ಉಜ್ಜದೆ ನೀರಿನಲ್ಲಿ ಒತ್ತಿ ಒರೆಸಿದರೆ ಸಾಕು. ಇಷ್ಟಕ್ಕೇ ಟೊಮೆಟೊವನ್ನು ವರ್ಷಗಟ್ಟಲೆ ದೂರವಿಟ್ಟ ಮನೆಗಳಿಗೆ ಲೆಕ್ಕವಿಲ್ಲ.

ಎರಡನೆಯದು ನಿಜವಾದ ತಕ್ಷಣದ ಅಲರ್ಜಿ. ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ, ಆಹಾರ ತಾಗದ ಜಾಗಗಳಲ್ಲೂ ಉಬ್ಬಿದ ದದ್ದು ಏಳುತ್ತದೆ, ಪಿತ್ತದ ಗಂಧೆಯ ಹಾಗೆ. ತುಟಿ, ಕಣ್ಣಿನ ರೆಪ್ಪೆ ಊದಬಹುದು, ವಾಂತಿಯಾಗಬಹುದು. ಉಸಿರಾಟದಲ್ಲಿ ಸಿಳ್ಳೆ ಸದ್ದು, ಧ್ವನಿ ಒಡೆಯುವುದು, ಮಗು ಇದ್ದಕ್ಕಿದ್ದಂತೆ ಬಿಳಿಚಿಕೊಂಡು ಜೋಲುವುದು ಕಂಡರೆ ಅದು ತುರ್ತು, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಈ ಬಗೆಯವರಿಗೆ ಆ ಆಹಾರವನ್ನು ಬಿಡುವುದು ಜೀವದ ಪ್ರಶ್ನೆ. ಅವರ ಎಕ್ಸಿಮಾ ಅದರಿಂದ ಇಳಿಯುತ್ತದೋ ಇಲ್ಲವೋ ಎನ್ನುವುದು ಬೇರೆ ಮಾತು.

ಮೂರನೆಯದು, ಎಲ್ಲರೂ ಹುಡುಕುವುದು ಮತ್ತು ಹಿಡಿಯಲು ಎಲ್ಲಕ್ಕಿಂತ ಕಷ್ಟವಾದದ್ದು: ತಿಂದ 6ರಿಂದ 48 ಗಂಟೆಗಳ ನಂತರ ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ, ಕತ್ತಿನಲ್ಲಿ ಹಳೆಯ ಎಕ್ಸಿಮಾ ಕೆರಳುವುದು. ಅದು ಸಾಮಾನ್ಯವಾಗಿ ದಿನವೂ ತಿನ್ನುವ ಪದಾರ್ಥದಿಂದಲೇ, ಅಂದರೆ ಹಾಲು, ಮೊಟ್ಟೆ, ಗೋಧಿ, ಸೋಯಾದಂಥವುಗಳಿಂದ ಬರುತ್ತದೆ. ಆದ್ದರಿಂದ ಯಾವ ದಿನದ ಊಟ ಯಾವ ದಿನದ ತುರಿಕೆಗೆ ಕಾರಣವೆಂದು ನೆನಪಿನಿಂದ ಹೇಳಲು ಸಾಧ್ಯವೇ ಇಲ್ಲ. ನಡುವಿನ ಎರಡು ದಿನಗಳಲ್ಲಿ ಬೆವರು, ನಿದ್ದೆಗೇಡು, ನೆಗಡಿ, ಹೊಸ ಬಟ್ಟೆ ಎಲ್ಲ ಬಂದುಹೋಗಿರುತ್ತವೆ. ನಾವು ಮಾತ್ರ ನಿನ್ನೆ ತಿಂದ ಮೊಟ್ಟೆಯನ್ನೇ ನೆನಪಿಟ್ಟುಕೊಳ್ಳುತ್ತೇವೆ.

ಪಥ್ಯದಿಂದ ಎಷ್ಟು ಲಾಭ ಎಂಬುದಕ್ಕೆ ಒಂದು ಅಳತೆ ಇದೆ. ಆಗಿರುವ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ 10 ಪ್ರಯೋಗಗಳು, 599 ಮಂದಿ ಇದ್ದರು. ಆಹಾರ ಬಿಟ್ಟವರಲ್ಲಿ 50% ಮಂದಿಗೆ ಗಮನಕ್ಕೆ ಬರುವಷ್ಟು ಸುಧಾರಣೆ ಕಂಡಿತು, ಏನನ್ನೂ ಬಿಡದವರಲ್ಲಿ 41% ಮಂದಿಗೆ. ವ್ಯತ್ಯಾಸ ನೂರಕ್ಕೆ ಒಂಬತ್ತು. ನನಗೆ ಮುಖ್ಯವಾಗಿ ಕಾಣುವುದು ಎರಡನೆಯ ಸಂಖ್ಯೆ. ಏನೂ ಬಿಡದೆಯೇ ನೂರರಲ್ಲಿ ನಲವತ್ತೊಂದು ಜನ ಸುಧಾರಿಸಿದರು. ಎಕ್ಸಿಮಾ ಏರಿಳಿಯುವ ಕಾಯಿಲೆ, ಜನ ಪಥ್ಯ ಶುರು ಮಾಡುವುದು ಅದು ತುತ್ತತುದಿಗೆ ಏರಿದಾಗ. ಆಮೇಲೆ ಅದು ಇಳಿಯಲೇಬೇಕು. ಇಳಿದಾಗ ಹೆಸರು ಪಥ್ಯಕ್ಕೆ ಹೋಗುತ್ತದೆ.

ಲಾಭ ಸಣ್ಣದಾದರೂ ನಷ್ಟವೇನಿಲ್ಲವಲ್ಲ, ಬಿಟ್ಟು ನೋಡೋಣ ಎನ್ನಬಹುದು. ಇಲ್ಲೇ ಎಡವುವುದು. ರಕ್ತದಲ್ಲಿ ಒಂದು ಆಹಾರಕ್ಕೆ ಐಜಿಇ ಎಂಬ, ತಕ್ಷಣದ ಅಲರ್ಜಿಗೆ ಕಾರಣವಾಗುವ ಪ್ರತಿಕಾಯ ಇದ್ದೂ ಅದನ್ನು ತಿಂದುಕೊಂಡು ಆರಾಮವಾಗಿರುವ ಮಕ್ಕಳು ಬಹಳ. ದಿನವೂ ಹೊಟ್ಟೆಗೆ ಬೀಳುತ್ತಿರುವುದೇ ಆ ಸಹನೆಯನ್ನು ಕಾಪಾಡಿಕೊಂಡು ಬಂದಿರುತ್ತದೆ. ತಿನ್ನುವುದನ್ನು ನಿಲ್ಲಿಸಿದರೆ ಹೊಟ್ಟೆಯ ದಾರಿ ಮುಚ್ಚಿತು, ಆದರೆ ಮನೆಯ ಧೂಳಿನಲ್ಲಿ, ದೊಡ್ಡವರ ಕೈಯಲ್ಲಿ ಆ ಆಹಾರದ ಕಣಗಳು ಇದ್ದೇ ಇವೆ, ಚರ್ಮದ ದಾರಿ ತೆರೆದೇ ಇದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಹಾರದಿಂದ ಕೆರಳುವ ಎಕ್ಸಿಮಾ ಇದ್ದ 298 ಮಕ್ಕಳನ್ನು ನೋಡಿತ್ತು. ಹಿಂದೆ ಎಂದೂ ತಕ್ಷಣದ ಅಲರ್ಜಿ ಆಗಿರದ ಮಕ್ಕಳಲ್ಲಿ 19% ಮಕ್ಕಳಿಗೆ, ಪಥ್ಯ ಶುರುವಾದ ಮೇಲೆ ಆ ಅಲರ್ಜಿ ಹೊಸದಾಗಿ ಕಾಣಿಸಿಕೊಂಡಿತು. ಕೆಲವರಿಗೆ ಪ್ರಾಣಾಪಾಯದ ಮಟ್ಟದಲ್ಲಿ. ಮೊಣಕೈಯ ತುರಿಕೆಗೆಂದು ಬಿಟ್ಟ ಆಹಾರ ಉಸಿರುಕಟ್ಟಿಸುವ ಆಹಾರವಾಗಿ ವಾಪಸಾಯಿತು.

ಪೌಷ್ಟಿಕತೆಯ ನಷ್ಟ ಇನ್ನೊಂದು. 1ರಿಂದ 3 ವರ್ಷದ ಮಗುವಿಗೆ ದಿನಕ್ಕೆ ಸುಮಾರು 700 ಮಿಲಿಗ್ರಾಂ, 4ರಿಂದ 8 ವರ್ಷದವರಿಗೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಅಮೆರಿಕದ ಶಿಫಾರಸು. ಹಾಲನ್ನು ಬಿಡಿಸಿ ಅಕ್ಕಿಯಿಂದ ಮಾಡಿದ ಪಾನೀಯ ಕೊಟ್ಟ ಮಕ್ಕಳಲ್ಲಿ ಪ್ರೋಟೀನಿನ ತೀವ್ರ ಕೊರತೆಯಾಗಿ, ಬರಗಾಲದಲ್ಲಿ ಕಾಣುವ ಕ್ವಾಶಿಯೋರ್ಕರ್ ಬಂದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ವಿಪರ್ಯಾಸವೆಂದರೆ ಅದರಲ್ಲಿ ಚರ್ಮವೂ ಸುಲಿಯುತ್ತದೆ. ಎಕ್ಸಿಮಾ ಹೆಚ್ಚಿತೆಂದುಕೊಂಡು ಪಥ್ಯವನ್ನು ಇನ್ನಷ್ಟು ಬಿಗಿ ಮಾಡುವ ಅಪಾಯ ಅಲ್ಲಿದೆ.

ಪರೀಕ್ಷೆ ಮಾಡಿಸಿದರೆ ತಿಳಿಯುವುದಿಲ್ಲವೇ? ಅರ್ಧ ತಿಳಿಯುತ್ತದೆ. ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯಲ್ಲಿ 3 ಮಿಲಿಮೀಟರ್ ಅಥವಾ ಹೆಚ್ಚು ಉಬ್ಬಿದರೆ ಪಾಸಿಟಿವ್ ಎನ್ನುತ್ತಾರೆ. ರಕ್ತದ ಐಜಿಇ ಪರೀಕ್ಷೆಯೂ ಇದೇ ಜಾತಿಯದು. ಇವು ನೆಗೆಟಿವ್ ಬಂದರೆ ತಕ್ಷಣದ ಅಲರ್ಜಿ ಇಲ್ಲವೆಂದು ಬಹುಮಟ್ಟಿಗೆ ನಂಬಬಹುದು. ಪಾಸಿಟಿವ್ ಬಂದರೆ ದೇಹ ಆ ಆಹಾರದ ಗುರುತು ಇಟ್ಟುಕೊಂಡಿದೆ ಎಂದಷ್ಟೇ ಅರ್ಥ, ತಿಂದರೆ ತೊಂದರೆಯಾಗುತ್ತದೆ ಎಂದಲ್ಲ. ಎಕ್ಸಿಮಾ ಇರುವವರಲ್ಲಿ ಒಟ್ಟು ಐಜಿಇಯೇ ಮೇಲಿರುವುದರಿಂದ ಪಟ್ಟಿ ತುಂಬ ಪಾಸಿಟಿವ್ ಬರುತ್ತವೆ. ಆದ್ದರಿಂದ ಇಪ್ಪತ್ತು, ಮೂವತ್ತು ಆಹಾರಗಳ ಪ್ಯಾನೆಲ್ ಮಾಡಿಸಿ, ಕೆಂಪಗೆ ಅಚ್ಚಾದುದನ್ನೆಲ್ಲ ತಟ್ಟೆಯಿಂದ ತೆಗೆಯುವುದು ಕೆಟ್ಟ ಅಭ್ಯಾಸ. ಐಜಿಜಿ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆಯನ್ನಂತೂ ಮಾಡಿಸಲೇಬೇಡಿ. ಐಜಿಜಿ ಇರುವುದು ಆ ಆಹಾರವನ್ನು ತಿಂದಿದ್ದೀರಿ ಎಂಬುದಕ್ಕೆ ಸಾಕ್ಷಿ. ಅಲರ್ಜಿ ತಜ್ಞರ ಸಂಘಗಳು ಇದನ್ನು ರೋಗ ಪತ್ತೆಗೆ ಬಳಸಬಾರದೆಂದು ವರ್ಷಗಳಿಂದ ಹೇಳುತ್ತಲೇ ಇವೆ. ಕೂದಲಿನ ಎಳೆ ಕಳಿಸಿ ಮಾಡಿಸುವ ಪರೀಕ್ಷೆಗಳ ಬಗ್ಗೆ ಮಾತಾಡುವುದೇ ಬೇಡ.

ಹಾಗಾದರೆ ಆಹಾರದ ಮೇಲೆ ಅನುಮಾನ ಯಾವಾಗ ಪಡಬೇಕು? ಚಿಕ್ಕ ಮಗು, ಎಕ್ಸಿಮಾ ಮಧ್ಯಮ ಅಥವಾ ತೀವ್ರ, ಚರ್ಮದ ಚಿಕಿತ್ಸೆಯನ್ನು ಸರಿಯಾದ ಪ್ರಮಾಣದಲ್ಲಿ ಮಾಡಿದರೂ ಹತೋಟಿಗೆ ಬರುತ್ತಿಲ್ಲ, ಜೊತೆಗೆ ವಾಂತಿ, ಭೇದಿ, ತೂಕ ಏರದಿರುವುದು ಇದೆ ಎಂದಾಗ. ಇದರಲ್ಲಿ 'ಸರಿಯಾದ ಪ್ರಮಾಣ' ಎನ್ನುವುದರಲ್ಲೇ ಹೆಚ್ಚಿನವರು ಸೋಲುತ್ತಾರೆ. ಮೈಯೆಲ್ಲ ಒಣಗಿದ ಮಗುವಿಗೆ ಮಾಯಿಶ್ಚರೈಸರ್ ವಾರಕ್ಕೆ 250ರಿಂದ 500 ಗ್ರಾಂ ಬೇಕು, ದೊಡ್ಡವರಿಗೆ 500 ಗ್ರಾಂ ಅಥವಾ ಇನ್ನೂ ತುಸು ಹೆಚ್ಚು. ನೂರು ಗ್ರಾಂ ಟ್ಯೂಬು ತಿಂಗಳೆಲ್ಲ ಬಂತು ಎಂದರೆ ಹಚ್ಚಿಯೇ ಇಲ್ಲ ಎಂದರ್ಥ. ಉಗುರುಬೆಚ್ಚಗಿನ ನೀರಿನಲ್ಲಿ 5ರಿಂದ 10 ನಿಮಿಷ ಸ್ನಾನ, ಒತ್ತಿ ಒರೆಸಿ, ತೇವ ಆರುವ ಮುಂಚೆ ಹಚ್ಚಬೇಕು. ಸ್ಟೀರಾಯ್ಡ್ ಮುಲಾಮಿನ ಅಳತೆ ಬೆರಳ ತುದಿ: ದೊಡ್ಡವರ ತೋರುಬೆರಳಿನ ಮೊದಲ ಗೆರೆಯಿಂದ ತುದಿಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ದೊಡ್ಡವರ ಎರಡು ಅಂಗೈಗಳಷ್ಟು, ಬೆರಳೂ ಸೇರಿ, ಜಾಗಕ್ಕೆ. ಹೆದರಿಕೊಂಡು ಕಡಲೆಕಾಳಿನಷ್ಟು ತೆಗೆದು ಇಡೀ ಕಾಲಿಗೆ ಸವರುವವರು 'ಮುಲಾಮು ಕೆಲಸ ಮಾಡಲಿಲ್ಲ, ಊಟದ್ದೇ ಇರಬೇಕು' ಎಂಬಲ್ಲಿಗೆ ಬಂದು ನಿಲ್ಲುತ್ತಾರೆ.

ಇದಾದ ಮೇಲೂ ಅನುಮಾನ ಉಳಿದರೆ ಪರೀಕ್ಷಾ ಪಥ್ಯ. ಮೊದಲ ಎರಡು ವಾರ ಊಟದಲ್ಲಿ ಏನನ್ನೂ ಬದಲಿಸಬೇಡಿ. ಚರ್ಮದ ಆರೈಕೆಯನ್ನು ಒಂದೇ ಸಮನೆ ನಡೆಸಿ, ವಾರಕ್ಕೊಮ್ಮೆ ಅಂಕ ಬರೆಯಿರಿ. ಪೋಯೆಮ್ ಎಂಬ ಅಳತೆಪಟ್ಟಿ ಇದಕ್ಕೆ ಸಾಕು. ಏಳು ಪ್ರಶ್ನೆ: ಕಳೆದ ವಾರ ಎಷ್ಟು ದಿನ ತುರಿಕೆ ಇತ್ತು, ಎಷ್ಟು ರಾತ್ರಿ ನಿದ್ದೆ ಕೆಟ್ಟಿತು, ರಕ್ತ ಬಂದದ್ದು, ನೀರು ಜಿನುಗಿದ್ದು, ಬಿರುಕು, ಹೊಟ್ಟು ಏಳುವುದು, ಒರಟು ಒಣಕಲು ಎಷ್ಟೆಷ್ಟು ದಿನ. ಒಂದೂ ಇಲ್ಲವಾದರೆ 0, 1–2 ದಿನಕ್ಕೆ 1, 3–4ಕ್ಕೆ 2, 5–6ಕ್ಕೆ 3, ಪ್ರತಿದಿನವೂ ಆದರೆ 4. ಒಟ್ಟು 28. 8ರಿಂದ 16 ಮಧ್ಯಮ, 17ರಿಂದ ತೀವ್ರ. ಒಂದೆರಡು ಅಂಕದ ಏರಿಳಿತವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಮೂರು ನಾಲ್ಕು ಇಳಿದರೆ ಮಾತ್ರ ಬದಲಾವಣೆ ಎನ್ನಬಹುದು.

ಆಮೇಲೆ ಒಂದೇ ಒಂದು ಆಹಾರವನ್ನು, ಪೂರ್ತಿಯಾಗಿ, 4 ವಾರ ತೆಗೆಯಿರಿ. ಹಾಲಾದರೆ ಮೊಸರು, ಬೆಣ್ಣೆ, ಹಾಲಿನ ಪುಡಿ ಬೆರೆತ ಬಿಸ್ಕತ್ತು, ಚಾಕೊಲೇಟು ಎಲ್ಲವೂ ಹಾಲೇ. ಪೊಟ್ಟಣದ ಮೇಲೆ ಕೇಸಿನ್, ವೇ ಎಂದಿದ್ದರೆ ಹಾಲು, ಆಲ್ಬುಮಿನ್ ಎಂದಿದ್ದರೆ ಮೊಟ್ಟೆ ಇರಬಹುದು. ಬಾಟಲಿ ಹಾಲಿನ ಆರು ತಿಂಗಳೊಳಗಿನ ಕೂಸಿಗಾದರೆ ವೈದ್ಯರು ಪ್ರೋಟೀನನ್ನು ಚೂರುಚೂರಾಗಿ ಒಡೆದ ವಿಶೇಷ ಫಾರ್ಮುಲಾವನ್ನು 6ರಿಂದ 8 ವಾರ ಕೊಟ್ಟು ನೋಡುತ್ತಾರೆ. ಆಡಿನ ಹಾಲು ಇದಕ್ಕೆ ಬದಲಿ ಅಲ್ಲ. ಅದರ ಪ್ರೋಟೀನು ಹಸುವಿನದಕ್ಕೆ ಎಷ್ಟು ಹತ್ತಿರವೆಂದರೆ ದೇಹಕ್ಕೆ ಎರಡಕ್ಕೂ ಭೇದ ಗೊತ್ತಾಗುವುದಿಲ್ಲ. ಈ ನಾಲ್ಕು ವಾರಗಳಲ್ಲಿ ಸೋಪು, ಕ್ರೀಮು, ಬಟ್ಟೆ ಒಗೆಯುವ ಪುಡಿ ಯಾವುದನ್ನೂ ಬದಲಿಸಬೇಡಿ. ಪಥ್ಯ ಶುರು ಮಾಡಿದ ಉತ್ಸಾಹದಲ್ಲಿ ಮುಲಾಮನ್ನೂ ಚೆನ್ನಾಗಿ ಹಚ್ಚಲು ಶುರು ಮಾಡುವುದು ಮಾಮೂಲು. ಆಗ ಗೆದ್ದದ್ದು ಯಾವುದೆಂದು ತಿಳಿಯುವುದಿಲ್ಲ.

ನಾಲ್ಕು ವಾರಕ್ಕೆ ಅಂಕ ಇಳಿಯದಿದ್ದರೆ ಆ ಆಹಾರ ನಿರಪರಾಧಿ. ಅಂದೇ ತಟ್ಟೆಗೆ ವಾಪಸು ತರಬೇಕು. ಇಳಿದರೂ ವಾಪಸು ತರಬೇಕು, ಜನ ತಪ್ಪಿಸುವ ಹೆಜ್ಜೆ ಇದೇ. ಚೆನ್ನಾಗಿದೆಯಲ್ಲ, ಮತ್ತೆ ಯಾಕೆ ಕೆಣಕುವುದು ಎಂಬ ಭಯ ಅರ್ಥವಾಗುವಂಥದ್ದೇ. ಆದರೆ ಮರಳಿ ಕೊಟ್ಟಾಗ ಮತ್ತೆ ಕೆರಳಿದರೆ ಮಾತ್ರ ಆರೋಪ ಸಾಬೀತು. ಹಿಂದೆ ಎಂದಾದರೂ ತಕ್ಷಣದ ಅಲರ್ಜಿ ಆಗಿದ್ದವರು, ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರು, ತಿಂಗಳುಗಟ್ಟಲೆ ಬಿಟ್ಟವರು ಇದನ್ನು ಮನೆಯಲ್ಲಿ ಮಾಡಬಾರದು, ಅಲರ್ಜಿ ವೈದ್ಯರ ಎದುರೇ ಆಗಬೇಕು. ಉಳಿದವರು ವೈದ್ಯರ ಒಪ್ಪಿಗೆ ಪಡೆದು, ಜ್ವರ ನೆಗಡಿ ಇಲ್ಲದ ದಿನ, ಬೆಳಿಗ್ಗೆ, ಒಂದು ಚಮಚದಿಂದ ಶುರು ಮಾಡಿ ಎರಡು ಗಂಟೆ ಕಣ್ಣಿಟ್ಟಿರಬೇಕು. ಮರುದಿನ ಅದರ ಎರಡರಷ್ಟು, ಮೂರನೆಯ ದಿನದಿಂದ ಎಂದಿನ ಪ್ರಮಾಣ, ಒಂದು ವಾರದವರೆಗೆ. ಬೆಳಿಗ್ಗೆಯೇ ಯಾಕೆಂದರೆ ಏನಾದರೂ ಆದರೆ ಹಗಲಿನಲ್ಲಿ ಆಗಲಿ ಎಂದು. ಇನ್ನೊಂದು ಸೂಕ್ಷ್ಮ: ಚೆನ್ನಾಗಿ ಬೇಕ್ ಮಾಡಿದ ಕೇಕಿನೊಳಗಿನ ಹಾಲು, ಮೊಟ್ಟೆ ಹಲವರಿಗೆ ಒಗ್ಗುತ್ತದೆ, ಅವನ್ನೇ ಹಸಿಯಾಗಿ ಅಥವಾ ಅರೆಬೆಂದ ಹಾಗೆ ಕೊಟ್ಟರೆ ಒಗ್ಗದಿರಬಹುದು. ಆದ್ದರಿಂದ ಯಾವ ರೂಪದಲ್ಲಿ ಕೊಟ್ಟಿರೆಂಬುದನ್ನೂ ಬರೆದಿಡಿ.

ದೊಡ್ಡವರ ಕೈ ಎಕ್ಸಿಮಾದಲ್ಲಿ ಬೇರೆಯದೇ ಒಂದು ಕತೆ ಇದೆ, ನಿಕ್ಕಲ್‌ದು. ಬೆರಳ ಪಕ್ಕದಲ್ಲಿ, ಅಂಗೈಯಲ್ಲಿ ಸಾಸಿವೆಯಷ್ಟು ಚಿಕ್ಕ ನೀರುಗುಳ್ಳೆಗಳು ಸಾಲುಸಾಲಾಗಿ ಎದ್ದು ವಿಪರೀತ ತುರಿಸುವವರಲ್ಲಿ ಕೆಲವರಿಗೆ ನಿಕ್ಕಲ್ ಲೋಹದ ಅಲರ್ಜಿ ಇರುತ್ತದೆ. ಅಗ್ಗದ ಓಲೆ ಹಾಕಿದರೆ ಕಿವಿ ಕೆರೆಯುವುದು ಅದರ ಹಳೆಯ ಸುಳಿವು. ಇವರಿಗೆ ಆಹಾರದೊಳಗಿನ ನಿಕ್ಕಲ್ ಕೂಡ ಗುಳ್ಳೆಗಳನ್ನು ಎಬ್ಬಿಸಬಲ್ಲದು. ಕೋಕೋ, ಓಟ್ಸ್, ಗೋಡಂಬಿಯಂಥ ಬೀಜಗಳು, ಸೋಯಾ, ಬೇಳೆಕಾಳು, ಡಬ್ಬಿಯಲ್ಲಿ ತುಂಬಿದ ಆಹಾರ ಇವುಗಳಲ್ಲಿ ಅದು ಹೆಚ್ಚು. ಹುಳಿ ಪದಾರ್ಥವನ್ನು ಸ್ಟೀಲ್ ಪಾತ್ರೆಯಲ್ಲಿ ಹೊತ್ತುಗಟ್ಟಲೆ ಕುದಿಸಿದರೂ ಸ್ವಲ್ಪ ಇಳಿಯುತ್ತದೆ. ದೇಹದಲ್ಲಿ ಕಬ್ಬಿಣದಂಶ ಕಡಿಮೆ ಇದ್ದರೆ ಕರುಳು ನಿಕ್ಕಲನ್ನು ಹೆಚ್ಚು ಹೀರಿಕೊಳ್ಳುತ್ತದೆ, ಹಾಗಾಗಿ ರಕ್ತಹೀನತೆ ಇದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಇದಕ್ಕೆ ಚುಚ್ಚು ಪರೀಕ್ಷೆ ಉಪಯೋಗಕ್ಕೆ ಬಾರದು. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ನೋಡುವ ಪ್ಯಾಚ್ ಟೆಸ್ಟ್ ಆಗಬೇಕು. ಅದು ಪಾಸಿಟಿವ್ ಬಂದವರು ಮಾತ್ರ 4ರಿಂದ 8 ವಾರ ಈ ಪಥ್ಯ ಮಾಡಿ ನೋಡಬಹುದು. ಇಷ್ಟು ಪೌಷ್ಟಿಕ ಪದಾರ್ಥಗಳನ್ನು ಅದಕ್ಕಿಂತ ಹೆಚ್ಚು ಕಾಲ ಸುಮ್ಮನೆ ಬಿಡುವುದು ಜಾಣತನವಲ್ಲ.

ಉಳಿದವನ್ನು ಬೇಗ ಮುಗಿಸಬಹುದು. ಖಾರ, ಬಿಸಿಬಿಸಿ ಪಾನೀಯ, ಮದ್ಯ ಇವು ಮೈಯನ್ನು ಬಿಸಿಯೇರಿಸಿ, ಬೆವರಿಸಿ ತುರಿಕೆ ಹೆಚ್ಚಿಸುತ್ತವೆ, ಅದು ಅಲರ್ಜಿಯಲ್ಲ. ಉಪ್ಪಿನ ಬಗ್ಗೆ 2024ರಲ್ಲಿ ಬ್ರಿಟನ್ನಿನ ಎರಡು ಲಕ್ಷಕ್ಕೂ ಹೆಚ್ಚು ಮಂದಿಯ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನದಲ್ಲಿ, ದಿನದ ಸೋಡಿಯಂ ಒಂದು ಗ್ರಾಂ ಹೆಚ್ಚಿದ್ದವರಲ್ಲಿ ಎಕ್ಸಿಮಾದ ಸಾಧ್ಯತೆ 11% ಹೆಚ್ಚು ಕಂಡಿದೆ. ಉಪ್ಪು ಕಡಿಮೆ ಮಾಡಿದರೆ ಎಕ್ಸಿಮಾ ಇಳಿಯುತ್ತದೆಂದು ಅದು ಸಾಬೀತು ಮಾಡಿಲ್ಲ, ಆದರೆ ಉಪ್ಪು ಇಳಿಸುವುದರಿಂದ ಹೃದಯಕ್ಕಾದರೂ ಒಳ್ಳೆಯದು. ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಮಾತ್ರೆಗಳು ಎಕ್ಸಿಮಾಕ್ಕೆ ಉಪಯೋಗವಿಲ್ಲವೆಂದು, ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಮೀಕ್ಷೆ 2013ರಲ್ಲೇ ಹೇಳಿತು. ಪ್ರೊಬಯಾಟಿಕ್‌ಗಳದ್ದೂ, ಅಂದರೆ ಹೊಟ್ಟೆಗೆ ಒಳ್ಳೆಯದೆಂದು ನುಂಗುವ ಬ್ಯಾಕ್ಟೀರಿಯಾಗಳದ್ದೂ, ಹೆಚ್ಚುಕಮ್ಮಿ ಅದೇ ತೀರ್ಪು, 2018ರಲ್ಲಿ. ಗೋಧಿ ಬಿಟ್ಟ ಮೇಲೆ ವಾಸಿಯಾದ 'ಎಕ್ಸಿಮಾ' ಕೆಲವೊಮ್ಮೆ ಎಕ್ಸಿಮಾವೇ ಆಗಿರುವುದಿಲ್ಲ. ಗೋಧಿ ಕರುಳನ್ನು ಕೆಡಿಸುವ ಸೀಲಿಯಾಕ್ ಕಾಯಿಲೆಯ ಜೊತೆ ಬರುವ ಡರ್ಮಟೈಟಿಸ್ ಹರ್ಪಿಟಿಫಾರ್ಮಿಸ್ ಎಂಬುದು ಮೊಣಕೈ, ಮಂಡಿಗಳ ಮುಂಭಾಗದಲ್ಲಿ, ಪೃಷ್ಠದಲ್ಲಿ ಗುಳ್ಳೆಗಳಾಗಿ ಏಳುತ್ತದೆ. ಎಕ್ಸಿಮಾ ಇಷ್ಟಪಡುವುದು ಮಡಿಕೆಗಳನ್ನು. ಅಂಥ ಅನುಮಾನವಿದ್ದರೆ ಗೋಧಿ ಬಿಡುವ ಮುಂಚೆಯೇ ರಕ್ತ ಪರೀಕ್ಷೆ ಆಗಬೇಕು, ಬಿಟ್ಟ ಮೇಲೆ ಮಾಡಿದರೆ ಸುಳ್ಳು ನೆಗೆಟಿವ್ ಬರಬಹುದು.

ಎಕ್ಸಿಮಾ ಇರುವ ಕೂಸಿಗೆ ಕಡಲೆಕಾಯಿ, ಮೊಟ್ಟೆಗಳನ್ನು ತಡವಾಗಿ ಕೊಡಬೇಕು ಎಂಬ ಹಳೆಯ ಬುದ್ಧಿವಾದ ಈಗ ಪೂರ್ತಿ ತಿರುಗಿದೆ. 2015ರಲ್ಲಿ ಪ್ರಕಟವಾದ ಲೀಪ್ ಪ್ರಯೋಗದಲ್ಲಿ ತೀವ್ರ ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಕೂಸುಗಳಲ್ಲಿ ಅರ್ಧದಷ್ಟಕ್ಕೆ ಕಡಲೆಕಾಯಿ ತಿನ್ನಿಸಿದರು, ಉಳಿದವಕ್ಕೆ ಮುಟ್ಟಿಸಲಿಲ್ಲ. ಐದು ವರ್ಷ ತುಂಬುವಾಗ ಮುಟ್ಟದವರಲ್ಲಿ 17.2% ಮಕ್ಕಳಿಗೆ ಕಡಲೆಕಾಯಿ ಅಲರ್ಜಿ ಇತ್ತು, ತಿಂದವರಲ್ಲಿ 3.2% ಮಕ್ಕಳಿಗೆ. ತಿನ್ನಿಸಿದ ಪ್ರಮಾಣ ವಾರಕ್ಕೆ 6 ಗ್ರಾಂ ಕಡಲೆಕಾಯಿ ಪ್ರೋಟೀನು. ಅಂದರೆ ನುಣ್ಣನೆಯ ಕಡಲೆಕಾಯಿ ಬೆಣ್ಣೆಯನ್ನು ಎರಡು ಟೀ ಚಮಚದಂತೆ, ಬಿಸಿನೀರಿನಲ್ಲಿ ತೆಳ್ಳಗೆ ಕದಡಿ ಆರಿಸಿ, ವಾರಕ್ಕೆ ಮೂರು ಸಲ. ಇಡೀ ಕಾಳು, ಗಟ್ಟಿ ಬೆಣ್ಣೆ ಎರಡೂ ಕೂಸಿನ ಗಂಟಲಿಗೆ ಅಪಾಯ. ಎಕ್ಸಿಮಾ ತೀವ್ರವಾಗಿದ್ದರೆ ಅಥವಾ ಮೊಟ್ಟೆ ಅಲರ್ಜಿ ಮೊದಲೇ ಇದ್ದರೆ ಪರೀಕ್ಷೆ ಮಾಡಿಸಿಕೊಂಡೇ ಶುರು ಮಾಡಬೇಕು. ಇಲ್ಲಿ ಗಮನಿಸಬೇಕಾದ್ದು, ಇದರಿಂದ ತಪ್ಪುವುದು ಅಲರ್ಜಿ, ಎಕ್ಸಿಮಾ ಅಲ್ಲ. ತಾಯಿ ಬಸುರಿಯಲ್ಲಿ ಹಾಲು ಮೊಟ್ಟೆ ಬಿಟ್ಟರೂ ಮಗುವಿನ ಎಕ್ಸಿಮಾ ತಪ್ಪುವುದಿಲ್ಲ.

ಮನೆಯಲ್ಲಿ ಇಂದೇ ಬದಲಿಸಬಹುದಾದದ್ದು ಒಂದಿದೆ, ಅದಕ್ಕೆ ಯಾವ ಪಥ್ಯವೂ ಬೇಡ. ಮಗುವಿಗೆ ಕ್ರೀಮು ಹಚ್ಚುವ ಹೊತ್ತು ಹೆಚ್ಚಿನ ಮನೆಗಳಲ್ಲಿ ಊಟ ತಿಂಡಿಯ ಆಸುಪಾಸಿನಲ್ಲೇ ಇರುತ್ತದೆ. ಮೊಟ್ಟೆ ಒಡೆದ, ಬೀಜ ಬಿಡಿಸಿದ, ಹಾಲು ಕಾಯಿಸಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಅದೇ ಬೆರಳನ್ನು ಕ್ರೀಮಿನ ಡಬ್ಬಿಗೆ ಅದ್ದಿ, ಒಡೆದ ಚರ್ಮದ ಮೇಲೆ ತಿಕ್ಕುತ್ತೇವೆ. ಸೋಪಿನಲ್ಲಿ ಕೈ ತೊಳೆದು ಹಚ್ಚಿ. ಬರಿ ನೀರು ಅಥವಾ ಸ್ಯಾನಿಟೈಸರ್ ಆಹಾರದ ಪ್ರೋಟೀನನ್ನು ಪೂರ್ತಿ ತೆಗೆಯುವುದಿಲ್ಲ. ಪಂಪ್ ಇರುವ ಬಾಟಲಿ ಸಿಕ್ಕರೆ ಅದೇ ಒಳ್ಳೆಯದು. ಅಗಲ ಬಾಯಿಯ ಡಬ್ಬಿಯೇ ಆದರೆ ಅದಕ್ಕೆಂದೇ ಒಂದು ಒಣ ಚಮಚ ಮೀಸಲಿಟ್ಟು, ಬೇಕಾದಷ್ಟನ್ನು ಮೊದಲು ತಟ್ಟೆಗೆ ತೆಗೆದುಕೊಂಡು, ಡಬ್ಬಿಯ ಮುಚ್ಚಳ ಹಾಕಿದ ಮೇಲೆ ಮಗುವಿನ ಮೈ ಮುಟ್ಟಿ.